ಬೆಂಗಳೂರಾ, ಗೋವಾವಾ, ಕೊಚ್ಚಿಯಾ? ಕರಾವಳಿಯ ಫುಟ್‌ಬಾಲ್ ಅಭಿಮಾನಿ ಪ್ರೀ-ಸೀಸನ್ ಪಟ್ಟಿ ನೋಡಿ ತಂಡ ಆರಿಸುವ ಬಗೆ

ಆಟಿ ತಿಂಗಳ ಮಳೆಗೆ ನೆಹರೂ ಮೈದಾನದಲ್ಲಿ ಚೆಂಡು ಉರುಳುವುದಿಲ್ಲ, ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಆದರೂ ಮಂಗಳೂರಿನ ಹುಡುಗರು ಆಡುವುದನ್ನು ಬಿಡುವುದಿಲ್ಲ. ಆಟ ಮುಗಿಸಿ ಕೆಸರುಕಾಲಲ್ಲೇ ಚಾ ಕುಡಿಯಲು ನಿಂತಾಗ ಪ್ರತಿ ವರ್ಷ ಅದೇ ಮಾತು ಏಳುತ್ತದೆ: ಯಾವ ಟೀಮಿಗೆ ಯಾರು ಬಂದರು, ಯಾರು ಬಿಟ್ಟು ಹೋದರು, ಈ ಸಲ ಯಾರ ಬೆನ್ನಿಗೆ ನಿಲ್ಲುವುದು.

ನಮ್ಮ ಊರಿಗೆ ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಸ್ವಂತ ತಂಡ ಇಲ್ಲ. ಆದರೆ ಮೂರು ತಂಡಗಳ ನಡುವೆ ನಾವು ಕೂತಿದ್ದೇವೆ. ಘಟ್ಟ ಹತ್ತಿದರೆ ಸುಮಾರು 350 ಕಿ.ಮೀ. ದೂರದಲ್ಲಿ ಬೆಂಗಳೂರು ಎಫ್‌ಸಿ. ಕೊಂಕಣ ರೈಲಿನಲ್ಲಿ ಬಡಗು ದಿಕ್ಕಿಗೆ 320 ಕಿ.ಮೀ. ಹೋದರೆ ಮಡಗಾಂವ್, ಅಂದರೆ ಎಫ್‌ಸಿ ಗೋವಾ. ತೆಂಕಲಾಗಿ 400 ಕಿ.ಮೀ. ದಾಟಿದರೆ ಎರ್ನಾಕುಳಂ, ಕೇರಳ ಬ್ಲಾಸ್ಟರ್ಸ್‌ನ ಊರು. ಹಾಗಾಗಿಯೇ ನಮ್ಮಲ್ಲಿ ಒಂದೇ ಮನೆಯಲ್ಲಿ ನೀಲಿ, ಕಿತ್ತಳೆ, ಹಳದಿ ಮೂರೂ ಬಣ್ಣದ ಅಂಗಿ ಒಣಗುವುದುಂಟು.

ಮಣಿಪಾಲದಲ್ಲಿ ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಮೊನ್ನೆ ಫೋನ್ ಮಾಡಿ, "ಅಣ್ಣ, ಒಂದು ಜೆರ್ಸಿಗೆ, ಒಂದು ಸಲ ಹೋಗಿ ಮ್ಯಾಚ್ ನೋಡಲಿಕ್ಕೆ ಮಾತ್ರ ದುಡ್ಡುಂಟು. ಯಾವ ಟೀಮು ಹಿಡಿಯುವ?" ಎಂದು ಕೇಳಿದ. ಅದೇ ವಾರ ಇಬ್ಬರು ಮಕ್ಕಳಿರುವ ಗೆಳೆಯನೊಬ್ಬನೂ ಇದನ್ನೇ ಕೇಳಿದ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಆದ್ದರಿಂದ ಸೀಸನ್ ಶುರುವಾಗುವ ಮೊದಲು ತಂಡಗಳು ಕಟ್ಟುವ ಆಟಗಾರರ ಪಟ್ಟಿಯನ್ನು, ಅಂದರೆ ಪ್ರೀ-ಸೀಸನ್ ಪಟ್ಟಿಯನ್ನು ಹಿಡಿದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ನೋಡಬೇಕಾದ್ದು ಏನು?

ಐಎಸ್‌ಎಲ್ ತಂಡವೊಂದು ಹೆಚ್ಚೆಂದರೆ ಆರು ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದು. ಒಂದು ಸಲಕ್ಕೆ ಮೈದಾನದಲ್ಲಿ ಇರಬಹುದಾದವರು ನಾಲ್ವರು. ಹನ್ನೊಂದರಲ್ಲಿ ನಾಲ್ಕು ಕಳೆದರೆ ಏಳು. ನಾನು ಪ್ರತಿ ವರ್ಷ ನೋಡುವುದು ಈ ಏಳು ಭಾರತೀಯರನ್ನು.

ಹೊಸ ಸ್ಪ್ಯಾನಿಷ್ ಸ್ಟ್ರೈಕರ್ ಬಂದ ಎಂದ ಕೂಡಲೇ ಅವನ ಎರಡು ನಿಮಿಷದ ವಿಡಿಯೊ ಎಲ್ಲರ ಮೊಬೈಲಿಗೂ ಬರುತ್ತದೆ. ಅದರಲ್ಲಿ ಗೋಲು ಮಾತ್ರ ಕಾಣುತ್ತದೆ, ಅವನಿಗೆ ಚೆಂಡು ತಲುಪಿಸುವವರು ಯಾರು ಎನ್ನುವುದು ಕಾಣುವುದಿಲ್ಲ. ತಂಡಗಳು ವಿದೇಶಿ ಜಾಗಗಳನ್ನು ಹೆಚ್ಚಾಗಿ ಸ್ಟ್ರೈಕರ್‌ಗೆ, ನಡುಮೈದಾನಕ್ಕೆ, ಹಿಂದಿನ ಸಾಲಿನ ನಡುವೆ ನಿಲ್ಲುವ ಒಬ್ಬ ಸೆಂಟರ್ ಬ್ಯಾಕ್‌ಗೆ ಖರ್ಚು ಮಾಡುತ್ತವೆ. ಗೋಲ್‌ಕೀಪರ್, ಎಡಬಲದ ಬ್ಯಾಕ್‌ಗಳು, ಒಬ್ಬಿಬ್ಬರು ವಿಂಗರ್‌ಗಳು ನಮ್ಮವರೇ. ವಿದೇಶಿಯರಲ್ಲಿ ಬಹಳಷ್ಟು ಮಂದಿ ಒಂದೆರಡು ವರ್ಷಕ್ಕೆ ಗಂಟುಮೂಟೆ ಕಟ್ಟುತ್ತಾರೆ. ನಮ್ಮವರು ಒಟ್ಟಿಗೆ ಮೂರು ವರ್ಷ ಆಡಿದ್ದರೆ ಹೊಸಬ ಬಂದರೂ ಹೊಂದಿಕೊಳ್ಳುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಲೀಗ್, ಲೀಗ್ ನಡೆಸುವ ಹಕ್ಕುಗಳ ಒಪ್ಪಂದದ ಬಿಕ್ಕಟ್ಟಿನಿಂದ ತಿಂಗಳುಗಟ್ಟಲೆ ನಿಂತುಹೋಯಿತಲ್ಲ, ಆಗ ಹಲವು ವಿದೇಶಿಯರು ಬೇರೆ ದೇಶದ ದಾರಿ ಹಿಡಿದರು. ಅಂಥ ಹೊತ್ತಿನಲ್ಲಿ ಕ್ಲಬ್ಬಿನ ಕೈಯಲ್ಲಿ ಉಳಿಯುವ ಬಂಡವಾಳ ಈ ಏಳು ಜನವೇ.

ಎರಡನೆಯದು, ಕ್ಲಬ್ಬು ತಾನು ಬೆಳೆಸಿದ ಹುಡುಗರನ್ನು ಉಳಿಸಿಕೊಳ್ಳುತ್ತದೋ ಮಾರುತ್ತದೋ ಎನ್ನುವುದು. ಮೂರನೆಯದು ಕೋಚ್. ಸೀಸನ್ ನಡುವೆ ಕೋಚನ್ನು ಕಳಿಸುವ ಅಭ್ಯಾಸ ಇರುವ ಕ್ಲಬ್ಬಿನ ಪ್ರೀ-ಸೀಸನ್ ಪಟ್ಟಿಯನ್ನು ಪೂರ್ತಿ ನಂಬಬೇಡಿ, ಏಕೆಂದರೆ ಆ ಪಟ್ಟಿ ಮಾಡಿದವನೇ ಜನವರಿಗೆ ಇರಲಿಕ್ಕಿಲ್ಲ. ನಾಲ್ಕನೆಯದು ನಮ್ಮ ಕಡೆಯ ಲೆಕ್ಕ: ಹೋಗಿ ಬರಲು ಎಷ್ಟು ರಾತ್ರಿ, ಎಷ್ಟು ರಜೆ, ರೂಮು ಬೇಕೋ ಬೇಡವೋ.

ಪ್ರೀ-ಸೀಸನ್ ಫಲಿತಾಂಶವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೆಚ್ಚಿನ ಐಎಸ್‌ಎಲ್ ತಂಡಗಳಿಗೆ ಲೀಗಿಗೆ ಮುಂಚೆ ನಡೆಯುವ ಡ್ಯುರಾಂಡ್ ಕಪ್ ಟೂರ್ನಿ ಎಂದರೆ ಕಾಲು ಸಡಿಲ ಮಾಡಿಕೊಳ್ಳುವ ಜಾಗ. 2021ರಲ್ಲಿ ಡ್ಯುರಾಂಡ್ ಗೆದ್ದ ಗೋವಾ ಅದರ ಬೆನ್ನಿಗೇ ಬಂದ ಐಎಸ್‌ಎಲ್‌ನಲ್ಲಿ ಒಂಬತ್ತನೆಯ ಸ್ಥಾನಕ್ಕೆ ಇಳಿಯಿತು. ಅದೇ ಡ್ಯುರಾಂಡ್‌ಗೆ ಬೆಂಗಳೂರು ಕಳಿಸಿದ್ದು ಹುಡುಗರ ತಂಡವನ್ನು. ಸೆಮಿಫೈನಲ್‌ನಲ್ಲಿ ಗೋವಾದ ಎದುರು ಪೆನಾಲ್ಟಿಯಲ್ಲಿ ಸೋತಿತು. ಆ ಹುಡುಗರಲ್ಲಿ ಒಬ್ಬನಾದ ಶಿವಶಕ್ತಿ ನಾರಾಯಣನ್ 2022–23ರ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. ಗೆದ್ದವರಿಗಿಂತ ಸೋತವರ ಪಟ್ಟಿಯಲ್ಲೇ ನಾಳೆಯ ಸುದ್ದಿ ಇತ್ತು. ಸ್ಕೋರ್ ಮರೆತುಬಿಡಿ, ಯಾರಿಗೆ ಯಾವ ಜಾಗದಲ್ಲಿ ಎಷ್ಟು ನಿಮಿಷ ಕೊಟ್ಟರು ಎನ್ನುವುದನ್ನು ಬರೆದಿಡಿ.

ಬೆಂಗಳೂರು ಎಫ್‌ಸಿ

ಇದು ನನ್ನ ತಂಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತನ್ನು ತೂಗುವಾಗ ನಿಮಗೆ ಅದು ಗೊತ್ತಿರಬೇಕು.

2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಕ್ಲಬ್ಬು. 2015–16ರಲ್ಲಿ ಇನ್ನೊಮ್ಮೆ. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ತಂಡ. 2017ರಲ್ಲಿ ಐಎಸ್‌ಎಲ್‌ಗೆ ಬಂದು, 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾವನ್ನು 1–0ಯಿಂದ ಸೋಲಿಸಿ ಚಾಂಪಿಯನ್ ಆಯಿತು. ಆ ಗೋಲು ವಿದೇಶಿ ಸ್ಟ್ರೈಕರ್ ಮಿಕುವಿನದ್ದಲ್ಲ, ಛೆಟ್ರಿಯದ್ದಲ್ಲ. ಹೆಚ್ಚುವರಿ ಸಮಯ ಮುಗಿಯುತ್ತಾ ಬಂದಾಗ ಕಾರ್ನರ್‌ಗೆ ತಲೆ ಕೊಟ್ಟವನು ಡಿಫೆಂಡರ್ ರಾಹುಲ್ ಭೇಕೆ. ಉಡುಪಿಯ ಚಿಕ್ಕಮ್ಮನ ಮನೆಯಲ್ಲಿ ಆ ಪಂದ್ಯ ನೋಡಿದ್ದೆವು. ಅಲ್ಲಿಯವರೆಗೆ ಭೇಕೆಯ ಹೆಸರನ್ನು ನಮ್ಮಲ್ಲಿ ಯಾರೂ ಜೋರಾಗಿ ಕೂಗಿರಲಿಲ್ಲ. ಏಳು ಜನರ ಲೆಕ್ಕ ನನ್ನ ತಲೆಗೆ ಹೊಕ್ಕಿದ್ದು ಆ ರಾತ್ರಿ.

ಆಮೇಲೆ ಏನಾಯಿತು ನೋಡಿ. 2020–21ರಲ್ಲಿ ಏಳನೆಯ ಸ್ಥಾನ. 2021ರಲ್ಲಿ ಭೇಕೆ ಮುಂಬೈ ಸಿಟಿಗೆ ಹೋದ. 2023–24ರಲ್ಲಿ ಹತ್ತನೆಯ ಸ್ಥಾನ. ಈ ಎರಡೂ ಕೆಟ್ಟ ಸೀಸನ್‌ಗಳಲ್ಲಿ ಕೋಚ್ ನಡುವೆಯೇ ಬದಲಾದರು: 2021ರ ಜನವರಿಯಲ್ಲಿ ಕಾರ್ಲೆಸ್ ಕ್ವಾಡ್ರಾಟ್, 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೊರಹೋದರು. 2024ರ ಪ್ರೀ-ಸೀಸನ್‌ನಲ್ಲಿ ಭೇಕೆ ವಾಪಸು ಬಂದ, ನಿಖಿಲ್ ಪೂಜಾರಿ, ಚಿಂಗ್ಲೆನ್‌ಸನಾ ಸಿಂಗ್ ಜೊತೆಗಿದ್ದರು. ನಾನು ಆಗಲೇ ಗೆಳೆಯರ ಹತ್ತಿರ ಹೇಳಿದ್ದೆ, ಈ ಸಲ ಹಿಂದಿನ ಸಾಲು ಗಟ್ಟಿ ಉಂಟು ಎಂದು. ತಂಡ ಲೀಗಿನಲ್ಲಿ ಮೂರನೆಯದಾಗಿ, 2025ರ ಏಪ್ರಿಲ್‌ನಲ್ಲಿ ಫೈನಲ್ ಆಡಿತು. ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 2–1ರಿಂದ ಸೋತರೂ ಹತ್ತರಿಂದ ಅಲ್ಲಿಗೆ ಏರಿದ್ದು ಸಣ್ಣ ಮಾತಲ್ಲ.

ಇಲ್ಲಿನ ದೊಡ್ಡ ಪ್ರಶ್ನೆ ಸುನಿಲ್ ಛೆಟ್ರಿ. 1984ರ ಆಗಸ್ಟ್‌ನಲ್ಲಿ ಹುಟ್ಟಿದವರು. ನಲವತ್ತು ತುಂಬಿದ ಮೇಲೆ, 2024–25ರ ಸೀಸನ್‌ನಲ್ಲಿ 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಕೂಡ. ಅಭಿಮಾನಿಯಾಗಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ. ಆದರೆ ಪಟ್ಟಿ ಓದುವಾಗ ನನಗೆ ಹೆದರಿಕೆ ಆಗುವುದೂ ಅಲ್ಲೇ. ನಲವತ್ತು ದಾಟಿದವರು ಅಷ್ಟು ಗೋಲು ಹೊಡೆದರು ಎಂದರೆ, ಆ ಗೋಲುಗಳನ್ನು ಹೊಡೆಯಬೇಕಿದ್ದ ಇಪ್ಪತ್ತೆರಡರ ಹುಡುಗ ಇನ್ನೂ ಬೆಂಚಿನಲ್ಲಿದ್ದಾನೆ. ಹಾಗಾಗಿ ಬೆಂಗಳೂರಿನ ಪ್ರೀ-ಸೀಸನ್ ಪಂದ್ಯದಲ್ಲಿ ನೀವು ಒಂದೇ ವಿಷಯ ನೋಡುವುದಾದರೆ ಇದನ್ನು ನೋಡಿ: ಅರವತ್ತನೆಯ ನಿಮಿಷಕ್ಕೆ ಛೆಟ್ರಿಯ ಜಾಗಕ್ಕೆ ಯಾರು ಬರುತ್ತಾರೆ? ಶಿವಶಕ್ತಿಯಂಥ ಹುಡುಗನಾದರೆ ಭರವಸೆ ಇಡಬಹುದು. ಮತ್ತೊಬ್ಬ ಮೂವತ್ತೈದರ ವಿದೇಶಿಯಾದರೆ ಸಮಸ್ಯೆ ಒಂದು ವರ್ಷ ಮುಂದಕ್ಕೆ ಹೋಯಿತು, ಅಷ್ಟೇ. 2017ರಲ್ಲಿ ನಾರ್ವೆಯಿಂದ ಬಂದ ಗುರ್‌ಪ್ರೀತ್ ಸಿಂಗ್ ಸಂಧು ನಿಂತ ಗೋಲ್ ಕಂಬದ ಬಗ್ಗೆಯೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ಎರಡನೆಯ ಕೀಪರ್‌ಗೆ ಡ್ಯುರಾಂಡ್‌ನಲ್ಲಾದರೂ ಪೂರ್ತಿ ಪಂದ್ಯಗಳು ಸಿಗುತ್ತಿವೆಯೇ ನೋಡಿ.

ಹೋಗಿ ಬರುವ ವಿಷಯಕ್ಕೆ ಬಂದರೆ ಬೆಂಗಳೂರು ನಮಗೆ ಸುಲಭ. ಶನಿವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಏರಿ, ಆದಿತ್ಯವಾರ ಬೆಳಿಗ್ಗೆ ಇಳಿಯಬಹುದು. ಏಳೂವರೆಯ ಪಂದ್ಯ ಮುಗಿದ ಮೇಲೂ ಮಂಗಳೂರಿಗೆ, ಉಡುಪಿಗೆ ಬಸ್ಸು ಸಿಗುತ್ತದೆ, ಸೋಮವಾರ ಕೆಲಸಕ್ಕೆ ಹಾಜರು. ರೂಮಿನ ಖರ್ಚಿಲ್ಲ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗುವ ಭಯ ಮಾತ್ರ ಉಂಟು. ಕಂಠೀರವದಲ್ಲಿ ತಂಡದ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಪಕ್ಕ ಕೂತರೆ ಎರಡು ಗಂಟೆ ನಿಂತೇ ಇರಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೇರೆ ಸ್ಟ್ಯಾಂಡ್ ಹಿಡಿಯುವುದು ಒಳ್ಳೆಯದು.

ಎಫ್‌ಸಿ ಗೋವಾ

ಒಂದು ಪಟ್ಟಿ ಹೇಗೆ ಕಟ್ಟಬೇಕು ಎಂದು ಕೇಳಿದರೆ ನಾನು ಮನಸ್ಸು ಗಟ್ಟಿ ಮಾಡಿಕೊಂಡು ಗೋವಾವನ್ನೇ ತೋರಿಸುತ್ತೇನೆ. ಅದು ಹೇಗೆ ಒಡೆಯುತ್ತದೆ ಎಂಬುದಕ್ಕೂ ಅದೇ ಉದಾಹರಣೆ.

ಕೋಚ್ ಸೆರ್ಜಿಯೊ ಲೊಬೇರಾ 2017ರಿಂದ ಕಟ್ಟಿದ ತಂಡದಲ್ಲಿ ವಿದೇಶಿ ಸ್ಟ್ರೈಕರ್ ಕೊರೊಮಿನಾಸ್ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಪ್ರಶಸ್ತಿಯನ್ನು ಎರಡು ವರ್ಷ ಸತತ ಗೆದ್ದ. ಆದರೆ ಅವನ ಸುತ್ತ ಬ್ರ್ಯಾಂಡನ್ ಫರ್ನಾಂಡಿಸ್, ಮಂದಾರ್ ರಾವ್ ದೇಸಾಯಿ, ಸೆರಿಟನ್ ಫರ್ನಾಂಡಿಸ್‌ರಂಥ ಗೋವಾದ ಮಣ್ಣಿನ ಹುಡುಗರಿದ್ದರು. 2019–20ರಲ್ಲಿ ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದು, ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ತಂಡವಾಯಿತು. ಮರು ಸೀಸನ್ ಶುರುವಾಗುವಷ್ಟರಲ್ಲಿ ಲೊಬೇರಾ ಮುಂಬೈ ಸಿಟಿಯಲ್ಲಿದ್ದರು. ಗೋವಾದಲ್ಲಿ ಆಡುತ್ತಿದ್ದ ಮಂದಾರ್, ಜಾಹೂ, ಬೂಮೂಸ್, ಮೂರ್ತಾದಾ ಫಾಲ್ ನಾಲ್ವರೂ ಅಲ್ಲೇ. ಆ ವರ್ಷ ಶೀಲ್ಡ್ ಮತ್ತು ಕಪ್ ಎರಡೂ ಮುಂಬೈ ಪಾಲಾದವು.

ಆದರೂ ಗೋವಾ ಕುಸಿಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಅದೇ ಚಾಂಪಿಯನ್ಸ್ ಲೀಗಿನಲ್ಲಿ, ಮಡಗಾಂವಿನ ಫತೋರ್ಡಾ ಸ್ಟೇಡಿಯಂನಲ್ಲಿ ಕತಾರಿನ ಅಲ್ ರಯ್ಯಾನ್ ತಂಡವನ್ನು 0–0ಗೆ ಹಿಡಿದು ನಿಲ್ಲಿಸಿತು. ಗೋಲಿನಲ್ಲಿದ್ದ ಧೀರಜ್ ಸಿಂಗ್‌ಗೆ ಆಗ ಇಪ್ಪತ್ತು ವರ್ಷ. ನಡುವೆ ಒಂದೆರಡು ವರ್ಷ ಹಳ್ಳ ಹಿಡಿದದ್ದು ನಿಜ, ಆದರೆ 2023ರಲ್ಲಿ ಕೋಚ್ ಆಗಿ ಮನೋಲೊ ಮಾರ್ಕೆಸ್ ಬಂದ ಮೇಲೆ ಮತ್ತೆ ನೆಲೆ ಸಿಕ್ಕಿತು. ಅದೇ ವರ್ಷ ಸಂದೇಶ್ ಝಿಂಗನ್ ಬಂದ, ನಮ್ಮ ಬೆಂಗಳೂರಿನಿಂದ ಉದಾಂತ ಸಿಂಗ್ ಹೋದ. ಮಡಗಾಂವಿನ ಬ್ರಿಸನ್ ಫರ್ನಾಂಡಿಸ್ 2024–25ರ ಉದಯೋನ್ಮುಖ ಆಟಗಾರ. ಅದೇ ಸೀಸನ್ ಕೊನೆಗೆ, 2025ರ ಮೇಯಲ್ಲಿ, ಸೂಪರ್ ಕಪ್ ಕೂಡ ಬಂತು.

ಝಿಂಗನ್ ಹೆಸರು ಬಂದದ್ದಕ್ಕೆ ಒಂದು ಮಾತು. ಅವನು ಬ್ಲಾಸ್ಟರ್ಸ್‌ನಲ್ಲಿ ಬೆಳೆದ, 2022–23ರಲ್ಲಿ ಬೆಂಗಳೂರಿಗೆ ಆಡಿದ, ಆಮೇಲೆ ಗೋವಾಕ್ಕೆ ಹೋದ. ನಮ್ಮ ಕರಾವಳಿಯ ಅಭಿಮಾನಿ ಯಾವ ಮೂರು ತಂಡಗಳ ನಡುವೆ ತೂಗಾಡುತ್ತಾನೋ ಆ ಮೂರಕ್ಕೂ ಆಡಿದವನು. ಒಳ್ಳೆಯ ಭಾರತೀಯ ಸೆಂಟರ್ ಬ್ಯಾಕ್ ಎಷ್ಟು ಅಪರೂಪ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಪ್ರಯಾಣದಲ್ಲಿ ಗೋವಾ ನೋಡಲು ಹತ್ತಿರ, ವಾಪಸು ಬರಲು ಸ್ವಲ್ಪ ಪೇಚು. 2023ರ ಕೊನೆಗೆ ಶುರುವಾದ ವಂದೇ ಭಾರತ್ ಬೆಳಿಗ್ಗೆ ಎಂಟೂವರೆಗೆ ಮಂಗಳೂರು ಸೆಂಟ್ರಲ್ ಬಿಟ್ಟು, ಉಡುಪಿಯಲ್ಲಿ ನಿಂತು, ನಾಲ್ಕೂವರೆ ಗಂಟೆಯಲ್ಲಿ ಮಡಗಾಂವ್ ಸೇರಿಸುತ್ತದೆ. ಫತೋರ್ಡಾ ಅಲ್ಲೇ ಪಕ್ಕ. ಆದರೆ ಅದೇ ರೈಲು ಸಂಜೆ ಆರರ ಸುಮಾರಿಗೆ ವಾಪಸು ಹೊರಡುತ್ತದೆ, ಪಂದ್ಯದ ಹೊತ್ತಿಗೆ ಸರಿಯಾಗಿ. ಐದರ ಪಂದ್ಯವಾದರೆ ರಾತ್ರಿಯ ಬೇರೆ ರೈಲಿಗೆ ಟಿಕೆಟ್ ಮಾಡಬಹುದು. ಏಳೂವರೆಯದಾದರೆ ರೂಮು ಹಿಡಿಯುವುದೇ ನೆಮ್ಮದಿ. ನಾಲ್ಕು ಜನ ವಿದ್ಯಾರ್ಥಿಗಳು ಸೇರಿ ಹೋದರೆ ಆ ಖರ್ಚು ಹಂಚಿಹೋಗುತ್ತದೆ. ಸಂಸಾರ ಸಮೇತ ಹೋಗುವವರಿಗೆ ಮಾರನೆಯ ದಿನದ ರಜೆಯೂ ಬೇಕು. ಆದರೆ ಸುಮಾರು 19 ಸಾವಿರ ಜನ ಹಿಡಿಸುವ ಸಣ್ಣ ಸ್ಟೇಡಿಯಂ, ಆಟ ಹತ್ತಿರದಿಂದ ಕಾಣುತ್ತದೆ, ಮಕ್ಕಳಿಗೆ ಹಿತ.

ಕೇರಳ ಬ್ಲಾಸ್ಟರ್ಸ್

ಉಳ್ಳಾಲ, ಮಂಜೇಶ್ವರದ ಕಡೆ ಹೋದರೆ ಹಳದಿ ಅಂಗಿಗಳೇ ಹೆಚ್ಚು. ಆ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. 2014, 2016, 2022, ಮೂರು ಸಲ ಫೈನಲ್ ಸೋತ ತಂಡ. ಅದರಲ್ಲಿ ಎರಡು ಪೆನಾಲ್ಟಿಯಲ್ಲಿ. ಇಷ್ಟಾದರೂ ಕೊಚ್ಚಿಯ ಕಲೂರಿನ ಸ್ಟೇಡಿಯಂನಲ್ಲಿ ಅಭಿಮಾನಿ ಬಳಗ ಮಂಜಪ್ಪಡ ಎಬ್ಬಿಸುವ ಸದ್ದು ದೇಶದ ಬೇರೆ ಕಡೆ ಕೇಳುವುದು ಅಪರೂಪ.

ಆದರೆ ಪಟ್ಟಿಯ ಲೆಕ್ಕದಲ್ಲಿ ಈ ಕ್ಲಬ್ಬು ನನಗೆ ನೋವು ಕೊಡುತ್ತದೆ. 2021–22ರಲ್ಲಿ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಗೆದ್ದ ಪ್ರಭ್‌ಸುಖನ್ ಗಿಲ್ 2023ರಲ್ಲಿ ಹೋದ. ಅದೇ ವರ್ಷ ಸಹಲ್ ಅಬ್ದುಲ್ ಸಮದ್ ಮೋಹನ್ ಬಾಗಾನ್‌ಗೆ ಹೋದ. 2024ರಲ್ಲಿ ಜೀಕ್ಸನ್ ಸಿಂಗ್ ಹೋದ. 2023–24ರಲ್ಲಿ 13 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದ ದಿಯಾಮಂಟಕೋಸ್ ಕೂಡ ಅದೇ ಬೇಸಿಗೆಯಲ್ಲಿ ಹೋದ. ಗೋಲ್‌ಕೀಪರ್, ನಡುಮೈದಾನದ ಬೆನ್ನೆಲುಬು, ಚೆಂಡು ಕೊಡುವವನು, ಹೊಡೆಯುವವನು, ನಾಲ್ಕೂ ಜಾಗ ಎರಡು ವರ್ಷದಲ್ಲಿ ಖಾಲಿ. 2021ರಲ್ಲಿ ಬಂದು ನಾಯಕನಾದ ಆಡ್ರಿಯಾನ್ ಲೂನಾ ಒಬ್ಬನೇ ಎಷ್ಟು ಭಾರ ಹೊರಬೇಕಿತ್ತು? ಕೋಚ್ ವಿಷಯದಲ್ಲೂ ಹಾಗೆಯೇ: 2024ರಲ್ಲಿ ವುಕೊಮನೊವಿಚ್ ಹೋಗಿ ಸ್ಟಾರೆ ಬಂದರು, ಡಿಸೆಂಬರ್‌ನೊಳಗೆ ಅವರೂ ಹೋದರು.

ಇನ್ನೊಂದು ಬದಿಯೂ ಉಂಟು. ಹಿರಿಯರು ಹೋದಾಗ ಜಾಗ ಸಿಗುವುದು ಹುಡುಗರಿಗೆ. ವಿಬಿನ್ ಮೋಹನನ್, ಲಕ್ಷದ್ವೀಪದ ಅವಳಿಗಳಾದ ಐಮೆನ್ ಮತ್ತು ಅಝರ್, ಕೀಪರ್ ಸಚಿನ್ ಸುರೇಶ್ ಹೀಗೇ ಮುಂದೆ ಬಂದವರು. ಹದಿನೆಂಟು ಇಪ್ಪತ್ತರ ಆಟಗಾರ ಮೊದಲ ಸಲ ದೊಡ್ಡ ಮೈದಾನಕ್ಕೆ ಇಳಿಯುವುದನ್ನು ನೋಡುವುದೇ ನಿಮಗೆ ಖುಷಿಯಾದರೆ ಬ್ಲಾಸ್ಟರ್ಸ್ ಹಿಡಿಯಿರಿ. ಕಪ್ಪು ಬೇಕು ಎನ್ನುವವರು ಹೃದಯ ಗಟ್ಟಿ ಇಟ್ಟುಕೊಳ್ಳಬೇಕು. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಛೆಟ್ರಿಯ ಫ್ರೀ ಕಿಕ್ ಗೋಲಿಗೆ ಸಿಟ್ಟಾಗಿ ಇಡೀ ತಂಡ ಮೈದಾನ ಬಿಟ್ಟಿತಲ್ಲ, ಆ ರಾತ್ರಿಯ ಜಗಳ ನಮ್ಮ ಗೆಳೆಯರ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ.

ಹೋಗಿ ಬರಲು ದೂರವಾದರೂ ರೈಲು ಅನುಕೂಲ. ಬೆಳಗಿನ ಜಾವ ಐದರ ಹೊತ್ತಿಗೆ ಹೊರಡುವ ಪರಶುರಾಮ ಎಕ್ಸ್‌ಪ್ರೆಸ್ ಹಿಡಿದರೆ ಮಧ್ಯಾಹ್ನಕ್ಕೆ ಎರ್ನಾಕುಳಂ. ಸ್ಟೇಡಿಯಂ ಎದುರೇ ಮೆಟ್ರೊ ನಿಲ್ದಾಣ. ಪಂದ್ಯ ಮುಗಿಸಿ ರಾತ್ರಿಯ ಮಲಬಾರ್ ಅಥವಾ ಮಾವೇಲಿ ಹತ್ತಿದರೆ ಬೆಳಿಗ್ಗೆ ಊರು. ಟಿಕೆಟನ್ನು ತಿಂಗಳ ಮೊದಲೇ ಕಾದಿರಿಸಬೇಕು, ವಾರಾಂತ್ಯದಲ್ಲಿ ಆ ರೈಲುಗಳು ತುಂಬಿರುತ್ತವೆ. ಹಾಗೆಯೇ ಟಿಕೆಟ್ ತೆಗೆಯುವ ಮೊದಲು ಪಂದ್ಯ ಯಾವ ಮೈದಾನದಲ್ಲಿ ಎಂದು ಖಾತ್ರಿ ಮಾಡಿಕೊಳ್ಳಿ, ಇದು ಮೂರೂ ತಂಡಗಳಿಗೆ ಸೇರಿದ ಮಾತು.

ಕಡಿಮೆ ಖರ್ಚಿನ ದಾರಿ

ಐಎಸ್‌ಎಲ್ ಆಗಲೇಬೇಕು ಎಂಬ ಹಟ ಇಲ್ಲದವರಿಗೆ ಕೋಝಿಕ್ಕೋಡ್ ಉಂಟು. ಗೋಕುಲಂ ಕೇರಳ 2020–21, 2021–22ರಲ್ಲಿ ಸತತವಾಗಿ ಐ-ಲೀಗ್ ಗೆದ್ದ ತಂಡ. 2022ರಲ್ಲಿ ಎಎಫ್‌ಸಿ ಕಪ್‌ನಲ್ಲಿ ಕೊಲ್ಕತ್ತದಲ್ಲೇ ಎಟಿಕೆ ಮೋಹನ್ ಬಾಗಾನ್‌ಗೆ ನಾಲ್ಕು ಗೋಲು ಹೊಡೆದಿತ್ತು. ಅವರ ಮಹಿಳಾ ತಂಡ ಮೂರು ಸಲ ರಾಷ್ಟ್ರೀಯ ಲೀಗ್ ಗೆದ್ದಿದೆ. ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ತೋರಿಸಬೇಕು ಎನ್ನುವವರು ಇದನ್ನು ಗಮನಿಸಿ. ರೈಲಿನಲ್ಲಿ ನಾಲ್ಕೈದು ಗಂಟೆ, ಮೂರರಲ್ಲಿ ಯಾವುದಕ್ಕಿಂತಲೂ ಹತ್ತಿರ.

ಹಾಗಾದರೆ ಯಾರಿಗೆ ಯಾವುದು

ಸೋಮವಾರ ರಜೆ ಸಿಗದ, ವರ್ಷಕ್ಕೆ ಎರಡು ಮೂರು ಪಂದ್ಯ ನೋಡಬೇಕೆನ್ನುವ ಕೆಲಸಗಾರನಿಗೆ ಬೆಂಗಳೂರು. ಛೆಟ್ರಿಯನ್ನು ಕಣ್ಣಾರೆ ನೋಡಿಲ್ಲದವರು ಬೇರೆ ಯೋಚನೆಯನ್ನೇ ಮಾಡಬೇಡಿ, ಎಷ್ಟು ದಿನ ಆಡುತ್ತಾರೋ ಅಷ್ಟು ದಿನ. ಎರಡು ದಿನ ಬಿಡುವು ಇದ್ದು, ಚೆಂಡನ್ನು ನೆಲದ ಮೇಲೆ ಆಡಿಸುವ ತಂಡ ಬೇಕೆನ್ನುವವರಿಗೆ, ಮಕ್ಕಳಿರುವವರಿಗೆ ಗೋವಾ. ಸ್ಟೇಡಿಯಂನ ಗದ್ದಲಕ್ಕೇ ಮನಸೋಲುವ, ಸೋಲು ತಿಂದು ಗಟ್ಟಿಯಾದ ಗೆಳೆಯರ ಗುಂಪಿಗೆ ಕೊಚ್ಚಿ.

ಮಕ್ಕಳಿರುವ ಗೆಳೆಯ ಡಿಸೆಂಬರ್ ರಜೆಯಲ್ಲಿ ಮಡಗಾಂವ್‌ಗೆ ಹೋಗುವುದೆಂದು ತೀರ್ಮಾನಿಸಿದ್ದಾನೆ. ಚಿಕ್ಕಮ್ಮನ ಮಗನಿಗೆ ನಾನು ತಂಡದ ಹೆಸರು ಹೇಳಲಿಲ್ಲ. ಮೂರೂ ಪಟ್ಟಿ ಎದುರಿಗಿಟ್ಟು, ಮೂರು ವರ್ಷದಿಂದ ಅಲ್ಲೇ ಇರುವ ಭಾರತೀಯರ ಹೆಸರಿನ ಕೆಳಗೆ ಗೆರೆ ಎಳೆ ಎಂದೆ. ಎಳೆದು ನೋಡಿ ಅವನೂ ಗೋವಾ ಎಂದ. ಉಡುಪಿ ಸ್ಟೇಷನ್ನಿನಿಂದ ನೇರ ರೈಲು ಇರುವುದೂ ಅವನಿಗೆ ಅನುಕೂಲವೇ. ನನಗೆ ಒಳಗೊಳಗೆ ಬೇಸರವಾಯಿತು, ಆದರೆ ಅವನ ಲೆಕ್ಕ ತಪ್ಪಲ್ಲ. ಜೆರ್ಸಿ ಈಗಲೇ ತೆಗೆದುಕೊಳ್ಳಲಿ; ಬೆನ್ನ ಮೇಲೆ ಆಟಗಾರನ ಹೆಸರು ಹಾಕಿಸುವುದಾದರೆ ಮಾತ್ರ ವರ್ಗಾವಣೆಯ ಗಡುವು ಮುಗಿಯುವ ತನಕ ಕಾಯಲು ಹೇಳಿದ್ದೇನೆ.